ತಿಂಗಳ ಸಾಮಾನು ಆ್ಯಪ್‌ನಿಂದ, ಕರಿಬೇವು ಮಾತ್ರ ಮೂಲೆ ಅಂಗಡಿಯಿಂದ: ಹೀಗಾದರೆ ಅಂಗಡಿ ಉಳಿಯುತ್ತದಾ?

ಕುವೆಂಪುನಗರದವಳು

ನೇರವಾಗಿ ಕೇಳುತ್ತೇನೆ. ನಿಮ್ಮ ಮನೆಯ ತಿಂಗಳ ಸಾಮಾನು ಎಲ್ಲಿಂದ ಬರುತ್ತದೆ? ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಸೋಪು ಎಲ್ಲ ಸೇರಿದ ದೊಡ್ಡ ಚೀಟಿಯ ಮಾತು ಇದು. ಒಗ್ಗರಣೆ ಹೊತ್ತಿಗೆ ಓಡಿ ಹೋಗಿ ತರುವ ಕರಿಬೇವಿನ ಮಾತಲ್ಲ.

ಮೈಸೂರಿನಲ್ಲಿ ನಮ್ಮ ರಸ್ತೆ ಮೂಲೆಯ ದಿನಸಿ ಅಂಗಡಿಯವರು ಮುಚ್ಚುವ ಯೋಚನೆಯಲ್ಲಿದ್ದಾರೆ. ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿ. ಜನ ಬರುವುದು ಕಡಿಮೆಯಾಗಿಲ್ಲ. ಬೆಳಿಗ್ಗೆ ಹಾಲಿಗೆ, ಸಂಜೆ ಮೊಸರಿಗೆ, ರಾತ್ರಿ ಮೊಟ್ಟೆಗೆ ಯಾರಾದರೂ ನಿಂತೇ ಇರುತ್ತಾರೆ. ಆದರೆ ಬಂದವರು ತೆಗೆದುಕೊಳ್ಳುವುದು ಇಪ್ಪತ್ತು ಮೂವತ್ತು ರೂಪಾಯಿ ಸಾಮಾನು. ಸಂಬಳ ಆದ ವಾರ ಅದೇ ಮನೆಗಳ ಗೇಟಿನ ಮುಂದೆ ಆ್ಯಪ್ ಹುಡುಗರ ಗಾಡಿ ನಿಲ್ಲುತ್ತದೆ. ಅಕ್ಕಿ ಮೂಟೆ, ಎಣ್ಣೆ ಕ್ಯಾನು ಎಲ್ಲ ಅಲ್ಲಿಂದ ಇಳಿಯುತ್ತದೆ.

ಹಾಲು, ಕರಿಬೇವು, ಬೆಂಕಿಪೊಟ್ಟಣ ಮಾರಿ ಯಾವ ಅಂಗಡಿಯೂ ಬಾಡಿಗೆ ಕಟ್ಟಲಾರದು. ಅಂಗಡಿ ಉಳಿಯುವುದು ತಿಂಗಳ ಚೀಟಿಯಿಂದ ಅಂತ ನನಗೆ ಅನ್ನಿಸುತ್ತದೆ. ನಮ್ಮ ರಸ್ತೆಯ ಕೆಲವು ಮನೆಗಳ ಜೊತೆ ಮಾತಾಡಿ, ತಿಂಗಳ ಸಾಮಾನನ್ನು ಇಲ್ಲೇ ತರಿಸೋಣ ಅಂತ ಹೊರಟಿದ್ದೇನೆ. ಬೆಲೆ ಜಾಸ್ತಿ ಅಲ್ವಾ, ಹಳೇ ಸ್ಟಾಕ್ ಕೊಡುತ್ತಾರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ಅನುಭವ ಹೇಳಿ. ಅಂಗಡಿ ನಡೆಸಿದವರು ಯಾರಾದರೂ ಇಲ್ಲಿದ್ದರೆ ಲೆಕ್ಕವನ್ನೂ ಬಿಡಿಸಿ ಹೇಳಿ.

ಹೂಟಗಳ್ಳಿ ಹುಡುಗ

ಮೇಡಂ, ನಾನು ಫ್ಯಾಕ್ಟರಿ ಶಿಫ್ಟ್‌ನವನು. ರೂಮಿನಲ್ಲಿ ನಾವು ಮೂರು ಜನ. ಎರಡನೇ ಶಿಫ್ಟ್ ಮುಗಿಸಿ ಬರುವಾಗ ಅಂಗಡಿ ಬಾಗಿಲು ಹಾಕಿರುತ್ತದೆ. ಆಗ ಆ್ಯಪ್ ಬಿಟ್ಟರೆ ಗತಿಯಿಲ್ಲ. ಎಣ್ಣೆ ಪ್ಯಾಕೆಟ್ ಮೇಲೆ, ಬಟ್ಟೆ ಸೋಪಿನ ಪುಡಿ ಮೇಲೆ ಅಲ್ಲಿ ಎಂಆರ್‌ಪಿಗಿಂತ ಕಡಿಮೆಗೆ ಕೊಡುತ್ತಾರೆ. ನಮ್ಮ ಏರಿಯಾದ ಅಂಗಡಿಯಲ್ಲಿ ಒಂದು ರೂಪಾಯಿಯೂ ಬಿಡುವುದಿಲ್ಲ. ಚಿಲ್ಲರೆ ಕೇಳಿದರೆ ಚಾಕೊಲೇಟ್ ಕೈಗಿಡುತ್ತಾರೆ. ಅದು ನನಗೆ ನಿಜವಾಗಿಯೂ ಬೇಜಾರು. ನನ್ನ ದುಡ್ಡು, ನನಗೆ ಬೇಡದ್ದು ಯಾಕೆ ತಗೊಳ್ಳಲಿ?

ಅಂಗಡಿ ಉಳಿಯಲಿ ಅಂತ ನನಗೂ ಆಸೆ ಇದೆ. ಆದರೆ ಕಡಿಮೆ ಸಂಬಳದವನು ಜಾಸ್ತಿ ಕೊಟ್ಟು ಅಂಗಡಿ ಉಳಿಸಬೇಕು ಅನ್ನುವುದು ಸರಿಯಲ್ಲ.

ಅಗ್ರಹಾರದ ಮೇಷ್ಟ್ರು

ಹುಡುಗ ಹೇಳಿದ್ದು ಪ್ಯಾಕೆಟ್ ಸಾಮಾನಿಗೆ ಸರಿ. ಬಿಡಿ ಸಾಮಾನಿನ ಲೆಕ್ಕ ಬೇರೆ. 2022ರ ಜುಲೈ 18ರಿಂದ, 25 ಕೆಜಿವರೆಗಿನ, ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿ, ಬೇಳೆ, ಹಿಟ್ಟಿಗೆ ನೂರಕ್ಕೆ 5 ಜಿಎಸ್‌ಟಿ ಬಿತ್ತು. ಅಂಗಡಿಯವರು ಮೂಟೆ ಬಿಚ್ಚಿ ತೂಗಿ ಕೊಡುವ ಬಿಡಿ ಅಕ್ಕಿಗೆ ಆ ತೆರಿಗೆ ಇಲ್ಲ. ಬಣ್ಣದ ಚೀಲದ ಖರ್ಚೂ ಇಲ್ಲ. ಸೋನಾ ಮಸೂರಿಯನ್ನೋ ತೊಗರಿಬೇಳೆಯನ್ನೋ ಬಿಡಿಯಾಗಿ ಕೇಳಿ ನೋಡಿ, ಆಮೇಲೆ ಆ್ಯಪ್ ಬೆಲೆಗೆ ಹೋಲಿಸಿ. ಎಷ್ಟೋ ಸಲ ಅಂಗಡಿಯದೇ ಕಡಿಮೆ ಇರುತ್ತದೆ.

ಇನ್ನೊಂದು ವಿಷಯ. ಅಕ್ಕಿ ಹಳೆಯದೋ ಹೊಸದೋ ಅಂತ ಚೀಲದ ಮೇಲಿನ ಚಿತ್ರ ಹೇಳುವುದಿಲ್ಲ. ಅಂಗಡಿಯವರು ಹೇಳುತ್ತಾರೆ. ಹಳೇ ಅಕ್ಕಿ ನೀರು ಜಾಸ್ತಿ ಕುಡಿಯುತ್ತದೆ, ಅನ್ನ ಉದುರುದುರಾಗಿ ಒದಗುತ್ತದೆ. ಹೊಸ ಅಕ್ಕಿ ಅಂಟುತ್ತದೆ, ಅದು ಹುಗ್ಗಿಗೆ ಚೆನ್ನ. ಚಿತ್ರಾನ್ನಕ್ಕೆ ಹೊಸ ಅಕ್ಕಿ ಹಾಕಿ ಮುದ್ದೆ ಮಾಡಿಕೊಂಡು ಬೇಸರಪಡುವವರನ್ನು ನೋಡಿದ್ದೇನೆ. "ಅಮ್ಮ, ಈ ಮೂಟೆ ಹೊಸದು, ನೀರು ಸ್ವಲ್ಪ ಕಮ್ಮಿ ಇಡಿ" ಅಂತ ಒಂದು ಮಾತು ಹೇಳುವವರು ಬೇಕು.

ನಾನು ಚಿಕ್ಕವನಿದ್ದಾಗ ಹಿರಿಯರ ಬಾಯಲ್ಲಿ ಸೇರು, ಅಚ್ಚೇರು, ಪಾವು, ಚಟಾಕು ಇತ್ತು. ಕಿಲೋ ಲೆಕ್ಕ ದೇಶಕ್ಕೆಲ್ಲ ಕಡ್ಡಾಯವಾದದ್ದು 1962ರಲ್ಲಿ. ಆದರೂ ನಮ್ಮ ಮನೆಯಲ್ಲಿ ಇವತ್ತಿಗೂ ಅನ್ನಕ್ಕೆ ಇಡುವುದು ಪಾವಿನ ಲೆಕ್ಕದಲ್ಲೇ. ಅಂಗಡಿಯವರಿಗೆ "ಆರು ಜನಕ್ಕೆ ಬಿಸಿಬೇಳೆಬಾತು" ಅಂದರೆ ಸಾಕು, ಅಕ್ಕಿ, ಬೇಳೆ, ಚಕ್ಕೆ, ಲವಂಗ, ಮರಾಠಿ ಮೊಗ್ಗು ಎಲ್ಲ ತೂಗಿ ಇಡುತ್ತಾರೆ.

ಸರಸ್ವತಿಪುರಂ ಲತೆ

ನನ್ನ ಅನುಭವ ಅಷ್ಟು ಒಳ್ಳೆಯದಲ್ಲ. ಮೊದಲು ನಾವಿದ್ದ ಬೀದಿಯ ಅಂಗಡಿಯಲ್ಲಿ ಡೇಟ್ ಮುಗಿದ ರವೆ ಕೊಟ್ಟಿದ್ದರು. ಹುಳ ಇತ್ತು. ವಾಪಸ್ ಕೊಡಲು ಹೋದರೆ ಇಲ್ಲಿ ತಗೊಂಡಿದ್ದಲ್ಲ ಅಂದುಬಿಟ್ಟರು. ಬಿಲ್ ಇರಲಿಲ್ಲ, ಏನು ಮಾಡುವುದು? ತಕ್ಕಡಿ ಮೇಲೂ ನಂಬಿಕೆ ಹೋಯಿತು. ಪರಿಚಯದವರಿಗೆ ಒಂದು ಸಾಮಾನು, ಹೊಸಬರಿಗೆ ಇನ್ನೊಂದು. ನೆರೆಹೊರೆ ಅನ್ನುವ ಪ್ರೀತಿಯಲ್ಲಿ ಇದನ್ನೆಲ್ಲ ಮುಚ್ಚಬಾರದು.

ಅಗ್ರಹಾರದ ಮೇಷ್ಟ್ರು

ಖಂಡಿತ ಮುಚ್ಚಬಾರದಮ್ಮ. ಕೇಳುವ ಹಕ್ಕು ನಮಗಿದೆ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಬೇಕು. ಸಾಮಾನು ಹಾಕುವ ಮೊದಲು ಸೊನ್ನೆ ತೋರಿಸುತ್ತಿದೆಯಾ ಅಂತ ನೋಡಿ. ಪಾತ್ರೆ ಇಟ್ಟರೆ ಅದರ ತೂಕ ಕಳೆದಿದ್ದಾರಾ ನೋಡಿ. ಪ್ಯಾಕೆಟ್ ಮೇಲೆ ತಯಾರಕರ ವಿಳಾಸ, ತೂಕ, ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಇರಲೇಬೇಕು. ಎಂಆರ್‌ಪಿಗಿಂತ ಜಾಸ್ತಿ ಕೇಳುವುದು ಅಪರಾಧ. ಫ್ರಿಜ್‌ನಲ್ಲಿ ಇಟ್ಟಿದ್ದೇವೆ ಅಂತ ನೀರಿನ ಬಾಟಲಿಗೆ ಎರಡು ರೂಪಾಯಿ ಸೇರಿಸುವುದೂ ತಪ್ಪೇ. ಮಾತಿನಲ್ಲಿ ಬಗೆಹರಿಯದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ.

ಅಂಗಡಿ ಮನೆ ಮಗಳು

ನಾನು ಬೆಳೆದದ್ದೇ ಇಂಥ ಅಂಗಡಿಯಲ್ಲಿ. ಅಪ್ಪ ಇವತ್ತಿಗೂ ಗಲ್ಲಾ ಮುಂದೆ ಕೂರುತ್ತಾರೆ. ಕುವೆಂಪುನಗರದ ಅಕ್ಕ ಲೆಕ್ಕ ಕೇಳಿದ್ದಾರೆ, ಹೇಳುತ್ತೇನೆ.

ಹಾಲಿನಲ್ಲಿ ಸಿಗುವ ಕಮಿಷನ್ ತುಂಬಾ ಸಣ್ಣದು. ಬೆಳಗಿನ ಜಾವ ಏಳಬೇಕು, ಫ್ರಿಜ್ ಓಡಬೇಕು. ಒಂದು ಪ್ಯಾಕೆಟ್ ಒಡೆದರೆ ಹಲವು ಪ್ಯಾಕೆಟ್‌ಗಳ ಲಾಭ ಹೋಯಿತು. ಹಾಲು ಇಡುವುದು ಜನ ಅಂಗಡಿಗೆ ಬರಲಿ ಅಂತ. ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್ ತರಹದ ಕಂಪನಿ ಸಾಮಾನಿನಲ್ಲಿ ನಮ್ಮ ಅಂಗಡಿಗೆ ನೂರಕ್ಕೆ ಎಂಟು ಹತ್ತು ರೂಪಾಯಿ ಉಳಿಯುತ್ತದೆ. ಅದರಲ್ಲಿ ಡಿಸ್ಕೌಂಟ್ ಎಲ್ಲಿಂದ ಕೊಡುವುದು? ದೊಡ್ಡವರು ಕಂಪನಿಯಿಂದಲೇ ಲಾರಿ ಲೆಕ್ಕದಲ್ಲಿ ತರುತ್ತಾರೆ. ನಮಗೆ ಡಿಸ್ಟ್ರಿಬ್ಯೂಟರ್ ಹುಡುಗ ಸ್ಕೂಟರ್‌ನಲ್ಲಿ ಬಂದು ಆರ್ಡರ್ ಬರೆದುಕೊಂಡು ಹೋಗುತ್ತಾನೆ. ಹೂಟಗಳ್ಳಿ ಅಣ್ಣ ನೋಡುವ ಆ್ಯಪ್ ಬೆಲೆಗೆ ಕೆಲವೊಮ್ಮೆ ನಮಗೇ ಮಾಲು ಸಿಗುವುದಿಲ್ಲ.

ನಾಲ್ಕು ಕಾಸು ಉಳಿಯುವುದು ಬಿಡಿ ಸಾಮಾನಿನಲ್ಲಿ. ಅಕ್ಕಿ, ಬೇಳೆ, ಕಾಳು, ಮೆಣಸಿನಕಾಯಿ, ಧನಿಯ, ಹುಣಸೆಹಣ್ಣು, ಬೆಲ್ಲ. ಅಪ್ಪ ಇವನ್ನು ಸಂತೆಪೇಟೆಯಲ್ಲೋ ಬಂಡೀಪಾಳ್ಯದ ಎಪಿಎಂಸಿಯಲ್ಲೋ ಕೈಯಾರೆ ನೋಡಿ ತರುತ್ತಾರೆ. ಮೂಟೆಗೆ ಕೈ ಹಾಕಿ ತಳದ ಬೇಳೆ ತೆಗೆದು ನೋಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಮುರಿದು ಮೂಸುತ್ತಾರೆ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಸಾರಿನ ಪುಡಿಗೆ ಎರಡನ್ನೂ ಯಾವ ಅಳತೆಯಲ್ಲಿ ಸೇರಿಸಬೇಕು ಅಂತ ಮನೆಮನೆಗೂ ಬೇರೆ ಹೇಳುತ್ತಾರೆ, ಯಾರ ಮನೆಯಲ್ಲಿ ಎಷ್ಟು ಖಾರ ತಿನ್ನುತ್ತಾರೆ ಅಂತ ಗೊತ್ತಿರುತ್ತದಲ್ಲ. ಈ ಬಿಡಿ ಸಾಮಾನು ಹೋಗುವುದು ತಿಂಗಳ ಚೀಟಿಯಲ್ಲಿ. ಚೀಟಿ ಬರುವುದು ನಿಂತ ಮನೆಗಳ ಹೆಸರು ಅಪ್ಪನಿಗೆ ಬಾಯಿಪಾಠ. ಒಬ್ಬರ ಮೇಲೂ ಸಿಟ್ಟಿಲ್ಲ, ಬೇಸರ ಇದೆ. ಮೂಟೆ ಖಾಲಿಯಾಗುವುದು ತಡವಾದರೆ ಬೇಳೆಗೆ ಹುಳ ಬೀಳುತ್ತದೆ. ಆಗ ಸರಸ್ವತಿಪುರಂ ಅಕ್ಕನ ದೂರು ಬರುತ್ತದೆ. ಹೆಚ್ಚು ಮನೆಯವರು ಕೊಂಡಷ್ಟೂ ಮಾಲು ಹೊಸದಾಗಿರುತ್ತದೆ, ಇದು ಸುಮ್ನೆ ಹೇಳುವ ಮಾತಲ್ಲ.

ಆದರೆ ಅಕ್ಕ, ಡೇಟ್ ಮುಗಿದ ಪ್ಯಾಕೆಟ್ ವಾಪಸ್ ತಗೊಳ್ಳದ್ದು ತಪ್ಪೇ. ಎಷ್ಟೋ ಕಂಪನಿ ಮಾಲನ್ನು ಡಿಸ್ಟ್ರಿಬ್ಯೂಟರ್ ಬದಲಾಯಿಸಿ ಕೊಡುತ್ತಾನೆ. ಕೊಡದಿದ್ದರೂ ನಷ್ಟ ಅಂಗಡಿಯದು, ಗಿರಾಕಿಯದಲ್ಲ.

2025ರ ಜುಲೈ ನೆನಪಿದೆಯಲ್ಲ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ರಾಜ್ಯದ ಎಷ್ಟೋ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಬೋರ್ಡ್ ಬಂತು. ಗಿರಾಕಿಗಳು ಅಂಗಡಿಯವರನ್ನೇ ಬೈದರು. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 40 ಲಕ್ಷ ಅಂದರೆ ದೊಡ್ಡ ಮೊತ್ತ ಅನ್ನಿಸುತ್ತದೆ. ದಿನಕ್ಕೆ ಹನ್ನೊಂದು ಸಾವಿರ ವ್ಯಾಪಾರ ಆದರೆ ಅದು ದಾಟುತ್ತದೆ. ಅಷ್ಟೂ ದುಡ್ಡಿನಲ್ಲಿ ಮಾಲಿನ ಬೆಲೆಯೇ ಮುಕ್ಕಾಲು ಪಾಲಿಗಿಂತ ಜಾಸ್ತಿ, ಲಾಭ ಸ್ವಲ್ಪವೇ. ತೆರಿಗೆ ಇಲ್ಲದ ಹಾಲು, ಬಿಡಿ ಅಕ್ಕಿಯೂ ಆ ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ. ವರ್ಷದ ವಹಿವಾಟು ಒಂದೂವರೆ ಕೋಟಿವರೆಗೆ ಇರುವವರಿಗೆ ನೂರಕ್ಕೆ 1 ತೆರಿಗೆ ಕಟ್ಟುವ, ಕಾಂಪೊಸಿಷನ್ ಅನ್ನುವ ಸರಳ ಪದ್ಧತಿ ಇದೆ. ನಾವು ಅದಕ್ಕೆ ಸೇರಿದೆವು. ಅಪ್ಪನ ವಯಸ್ಸಿನವರಿಗೆ ಈ ಕಾಗದಪತ್ರದ ಭಯವೇ ಅಂಗಡಿ ಮುಚ್ಚಲು ಅರ್ಧ ಕಾರಣ. ಆ್ಯಪ್ ಒಂದನ್ನೇ ದೂರಿದರೆ ಪೂರ್ತಿ ಸತ್ಯ ಆಗುವುದಿಲ್ಲ.

ಪೇಟೆಬೀದಿ ಮಂಡ್ಯ

ತಂಗಿ, ಚೆನ್ನಾಗಿ ಹೇಳಿದೆಯಮ್ಮ. ಮಂಡ್ಯ ಕಡೆಯ ಒಂದು ವಿಷಯ ಸೇರಿಸುತ್ತೇನೆ. ಸಾಲದ ಪುಸ್ತಕ.

ನಮ್ಮೂರ ಕಡೆ ರೈತರ ಕೈಗೆ ದುಡ್ಡು ಪ್ರತಿ ತಿಂಗಳು ಒಂದೇ ದಿನ ಬರುವುದಿಲ್ಲ. ಡೇರಿಗೆ ಹಾಲು ಹಾಕುವವರಿಗೆ ಬಟವಾಡೆ ದಿನ ಬರುತ್ತದೆ. ಕಬ್ಬು ಹಾಕಿದವರಿಗೆ ಕಾರ್ಖಾನೆ ಕೊಟ್ಟಾಗ ಬರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ಮಧ್ಯದ ದಿನಗಳಲ್ಲಿ ಒಲೆ ಹೊತ್ತಿಸುವವರು ಯಾರು? ಊರ ಅಂಗಡಿಯವರು. "ಬರ್ಕಳಣ್ಣ" ಅಂದರೆ ಆಯಿತು, ರಾಗಿ, ಎಣ್ಣೆ, ಬೇಳೆ ಚೀಲಕ್ಕೆ ಬೀಳುತ್ತದೆ. ಆಧಾರ್ ಕಾರ್ಡ್ ಕೇಳುವುದಿಲ್ಲ, ಬಡ್ಡಿ ಹಾಕುವುದಿಲ್ಲ. ಯಾವ ಆ್ಯಪ್ ಇದನ್ನು ಕೊಡುತ್ತದೆ, ಹೇಳಿ.

ಕೂಲಿ ಮಾಡುವವರ ಲೆಕ್ಕ ಇನ್ನೂ ಬೇರೆ. ಅವರು ದಿನದ ಕೂಲಿ ಬಂದ ಮೇಲೆ ಆವತ್ತಿನ ಅಡುಗೆಗೆ ಕೊಳ್ಳುತ್ತಾರೆ. ಹತ್ತು ರೂಪಾಯಿ ಬೇಳೆ, ಐದು ರೂಪಾಯಿ ಸಾಸಿವೆ-ಜೀರಿಗೆ, ಎರಡು ಮೊಟ್ಟೆ. ನ್ಯಾಯಬೆಲೆ ಅಂಗಡಿಯ ಅಕ್ಕಿ ಇರುತ್ತದೆ, ಸಾರಿಗೆ ಬೇಕಾದ್ದಕ್ಕೆ ಈ ಅಂಗಡಿ. ಡೆಲಿವರಿ ಚಾರ್ಜ್ ತಪ್ಪಲು ಇಷ್ಟು ರೂಪಾಯಿ ಆರ್ಡರ್ ಮಾಡಿ ಅನ್ನುವ ಕಡೆ ಅವರಿಗೆ ಜಾಗ ಇಲ್ಲ. ನಮ್ಮಂಥವರು ತಿಂಗಳ ಚೀಟಿ ಬೇರೆ ಕಡೆ ಒಯ್ದು ಅಂಗಡಿ ಮುಚ್ಚಿಹೋದರೆ ಮೊದಲು ಕಷ್ಟ ಬೀಳುವುದು ಇವರಿಗೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ದೊಡ್ಡ ಮಾತು ಇದೇ.

ಬೆಲ್ಲದ ವಿಷಯ ಬಂತಲ್ಲ, ಮಂಡ್ಯದವನಾಗಿ ಸುಮ್ಮನಿರಲಾರೆ. ಹಳದಿಯಾಗಿ ಫಳಫಳ ಅನ್ನುವ ಅಚ್ಚು ಬೆಲ್ಲ ನೋಡಿ ಮರುಳಾಗಬೇಡಿ. ಆಲೆಮನೆಯಲ್ಲಿ ಪಾಕಕ್ಕೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿ ಬಣ್ಣ ತಿಳಿ ಮಾಡುವುದುಂಟು. ಕಂದು ಬಣ್ಣದ್ದು, ಗಾಢ ಬಣ್ಣದ್ದು ಕೇಳಿ. ಚೂರು ಬಾಯಿಗೆ ಹಾಕಿಕೊಂಡು ನೋಡಿ. ಉಪ್ಪುಪ್ಪು ಅನ್ನಿಸಿದರೆ ಬಿಡಿ. ಅಂಗಡಿಯವರು ರುಚಿ ನೋಡಲು ಒಂದು ಚೂರು ಕೊಟ್ಟೇ ಕೊಡುತ್ತಾರೆ. ಬೆಲ್ಲವನ್ನು ಮೊಬೈಲಿನಲ್ಲಿ ನೋಡಿ ಕೊಳ್ಳುವುದು ನನಗಂತೂ ಒಪ್ಪುವುದಿಲ್ಲ.

ಸರಸ್ವತಿಪುರಂ ಲತೆ

ಸಾಲದ ಪುಸ್ತಕದಲ್ಲಿ ಜಾಸ್ತಿ ಬರೆದುಕೊಂಡರೆ? ಓದಲು ಬರದವರಿಗೆ ಗೊತ್ತಾಗುವುದು ಹೇಗೆ ಅಣ್ಣ?

ಪೇಟೆಬೀದಿ ಮಂಡ್ಯ

ಅದಕ್ಕೇ ಎರಡು ಪುಸ್ತಕ ಇಡುತ್ತಾರೆ ಲತಕ್ಕ. ಒಂದು ಅಂಗಡಿಯಲ್ಲಿ, ಒಂದು ಚಿಕ್ಕದು ಗಿರಾಕಿ ಮನೆಯಲ್ಲಿ. ಹೋದಾಗಲೆಲ್ಲ ಎರಡರಲ್ಲೂ ಬರೆಯಬೇಕು. ಮನೆಯಲ್ಲಿ ಸ್ಕೂಲಿಗೆ ಹೋಗುವ ಮಗು ಇದ್ದರೆ ಕೂಡಿ ನೋಡುತ್ತದೆ. ಪುಸ್ತಕ ಒಂದೇ ಇದ್ದರೆ ಜಗಳ ಗ್ಯಾರಂಟಿ.

ಒಂಟಿಕೊಪ್ಪಲ್ ಮೊಮ್ಮಗ

ನಾನು ಬೆಂಗಳೂರಿನಲ್ಲಿದ್ದೇನೆ. ಅಜ್ಜಿ ಒಬ್ಬರೇ ಮೈಸೂರಿನ ಮನೆಯಲ್ಲಿ. ಅಜ್ಜಿಗೆ ಆ್ಯಪ್ ಬರುವುದಿಲ್ಲ, ಕಲಿಸಿದರೂ ಬೇಡ ಅನ್ನುತ್ತಾರೆ. ಲ್ಯಾಂಡ್‌ಲೈನ್‌ನಿಂದ ಅಂಗಡಿಗೆ ಫೋನ್ ಮಾಡುತ್ತಾರೆ. ಹುಡುಗ ತಂದು ಅಡುಗೆಮನೆ ಕಟ್ಟೆ ಮೇಲೆ ಇಟ್ಟು, ಎಣ್ಣೆಯನ್ನು ಡಬ್ಬಿಗೆ ಸುರಿದು ಹೋಗುತ್ತಾನೆ. ಒಂದು ದಿನ ಅಜ್ಜಿ ಫೋನ್ ಎತ್ತಲಿಲ್ಲ ಅಂತ ನನಗೆ ಗಾಬರಿಯಾಯಿತು. ಅಂಗಡಿಯವರಿಗೆ ಫೋನ್ ಮಾಡಿದೆ. ವ್ಯಾಪಾರ ಬಿಟ್ಟು ಹೋಗಿ ಬಾಗಿಲು ತಟ್ಟಿ ನೋಡಿ ಬಂದರು. ರಿಸೀವರ್ ಸರಿಯಾಗಿ ಇಟ್ಟಿರಲಿಲ್ಲ, ಅಷ್ಟೇ. ಇದಕ್ಕೆ ನಾನು ಯಾವ ಬೆಲೆ ಕಟ್ಟಲಿ?

ಹಬ್ಬದಲ್ಲಂತೂ ಆ ಅಂಗಡಿ ಬೇಕೇ ಬೇಕು. ಗೌರಿ ಹಬ್ಬಕ್ಕೆ ಬಾಗಿನದ ಸಾಮಾನು, ಅಂದರೆ ಅಕ್ಕಿ, ಬೇಳೆ, ರವೆ, ಬೆಲ್ಲ, ಬಿಚ್ಚೋಲೆ, ಕರಿಮಣಿ, ಬಳೆ ಎಲ್ಲ ಒಟ್ಟಿಗೆ ಕಟ್ಟಿ ಇಟ್ಟಿರುತ್ತಾರೆ. ಸಂಕ್ರಾಂತಿಗೆ ಹೆಚ್ಚಿದ ಕೊಬ್ಬರಿ, ಬೆಲ್ಲ, ಹುರಿದ ಕಡಲೆಬೀಜ, ಸಕ್ಕರೆ ಅಚ್ಚು. ಆಯುಧ ಪೂಜೆಗೆ ಬೂದುಗುಂಬಳಕಾಯಿ. ಒಂದು ಸಾಮಾನು ಮರೆತರೂ "ಅರಿಸಿನ ಕೊಂಬು ತಗೊಂಡಿಲ್ವಲ್ಲ ಅಜ್ಜಿ" ಅಂತ ಅವರೇ ಕೇಳುತ್ತಾರೆ. ನಂಜನಗೂಡು ಹಲ್ಲುಪುಡಿ ಬೇಕು ಅಂತ ಅಜ್ಜಿಗೆ ಹಟ. ಅದನ್ನು ತಪ್ಪದೆ ತರಿಸಿಡುತ್ತಾರೆ.

ಹೂಟಗಳ್ಳಿ ಹುಡುಗ

ಎಲ್ಲ ಓದಿದೆ. ಮಂಡ್ಯದ ಅಣ್ಣ ಹೇಳಿದ ಕೂಲಿಯವರ ಮಾತು ಮನಸ್ಸಿಗೆ ತಟ್ಟಿತು. ನಮ್ಮಪ್ಪನೂ ಹಾಗೇ ಕೊಳ್ಳುತ್ತಿದ್ದವರು. ಮೇಷ್ಟ್ರು ಹೇಳಿದಂತೆ ಬಿಡಿ ಬೇಳೆ ಬೆಲೆ ವಿಚಾರಿಸಿದೆ, ನಿಜವಾಗಿ ಆ್ಯಪ್‌ಗಿಂತ ಕಡಿಮೆ ಇತ್ತು. ಕಡಲೆಬೀಜವೂ ಹಾಗೇ. ಎಣ್ಣೆ ಮಾತ್ರ ಆ್ಯಪ್‌ನಲ್ಲೇ ಕಡಿಮೆ. ರೂಮಿನವರೆಲ್ಲ ಸೇರಿ ಅಕ್ಕಿ, ಬೇಳೆ, ಕಾಳು ಅಂಗಡಿಯಲ್ಲಿ ತಗೊಳ್ಳುವುದು ಅಂತ ಮಾತಾಡಿಕೊಂಡಿದ್ದೇವೆ. ಎಣ್ಣೆ, ಸೋಪು ಈಗಿನಂತೆಯೇ. ಅಷ್ಟು ಮಾಡಿದರೆ ಅಂಗಡಿಯವರಿಗೆ ಉಪಯೋಗ ಇದೆಯಾ?

ಇನ್ನೊಂದು ಅನುಮಾನ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತಿಗೆ ಜಿಎಸ್‌ಟಿ ನೂರಕ್ಕೆ 18ರಿಂದ 5ಕ್ಕೆ ಇಳಿಯಿತು. ಆಗ ನಮ್ಮ ಅಂಗಡಿಯಲ್ಲಿ ಹಳೇ ಬೆಲೆಯೇ ತಗೊಂಡರು. ಅದು ಮೋಸ ಅಲ್ವಾ?

ಅಂಗಡಿ ಮನೆ ಮಗಳು

ಅಣ್ಣ, ಅಕ್ಕಿ, ಬೇಳೆ, ಕಾಳು ಕೊಂಡರೆ ತುಂಬಾ ಉಪಯೋಗ. ನಾನು ಹೇಳಿದ ನಾಲ್ಕು ಕಾಸು ಇರುವುದು ಅದರಲ್ಲೇ. ಸೋಪು ಎಲ್ಲಿ ಬೇಕಾದರೂ ತಗೊಳ್ಳಿ, ಅಪ್ಪ ಬೇಜಾರು ಮಾಡಿಕೊಳ್ಳುವುದಿಲ್ಲ.

ಸೆಪ್ಟೆಂಬರ್ ವಿಷಯ ಹೇಳುತ್ತೇನೆ. ಹಳೇ ತೆರಿಗೆ ಕೊಟ್ಟು ತಂದ ಮಾಲು ಅಂಗಡಿಯಲ್ಲಿ ಕೂತಿತ್ತು. ತೆರಿಗೆ ಇಳಿದದ್ದು ಗಿರಾಕಿಗೆ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಂಪೊಸಿಷನ್‌ನಲ್ಲಿ ಇರುವವರಿಗೆ, ನೋಂದಣಿಯೇ ಇಲ್ಲದವರಿಗೆ ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ. ಕೆಲವು ಡಿಸ್ಟ್ರಿಬ್ಯೂಟರ್‌ಗಳು ವ್ಯತ್ಯಾಸ ತುಂಬಿ ಕೊಟ್ಟರು, ಕೆಲವರು ಕೈ ಎತ್ತಿದರು. ಅಪ್ಪ ಕೈಯಿಂದ ಹಾಕಿ ಕಡಿಮೆ ಬೆಲೆಗೆ ಕೊಟ್ಟರು. ಎಲ್ಲರ ಕೈಯಲ್ಲಿ ಅದು ಆಗಿರಲಿಕ್ಕಿಲ್ಲ. ಮೋಸ ಅಂತ ತೀರ್ಮಾನ ಮಾಡುವ ಮೊದಲು ಒಂದು ಸಲ ಕೇಳಿ ನೋಡಿ.

ಚಿಲ್ಲರೆಗೆ ಚಾಕೊಲೇಟ್ ಕೊಡುವುದು ಮಾತ್ರ ನನಗೂ ಇಷ್ಟವಿಲ್ಲ. ಅಪ್ಪನಿಗೆ ಹೇಳಿ ನಿಲ್ಲಿಸಿದ್ದೇನೆ. ಈಗ ಬಾಕಿ ಬರೆದಿಟ್ಟು ಮುಂದಿನ ಸಲ ಕಳೆಯುತ್ತಾರೆ.

ಕುವೆಂಪುನಗರದವಳು

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಲೆಕ್ಕ ನನಗೂ ಗೊತ್ತಿರಲಿಲ್ಲ. ಈ ಉತ್ತರಗಳನ್ನು ನಮ್ಮ ರಸ್ತೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದೆ. ಕೆಲವರು ಒಪ್ಪಿದ್ದಾರೆ. ಕೆಲವರು ಬಿಲ್ ಕೊಟ್ಟರೆ ಮಾತ್ರ ಅಂದಿದ್ದಾರೆ. ಲತಾ ಹೇಳಿದ ಕಾರಣಕ್ಕೇ ಅದು ನ್ಯಾಯ ಅನ್ನಿಸಿತು. ಅಂಗಡಿಯವರ ಹತ್ತಿರ ಮಾತಾಡಿದೆ, ಕೈಬಿಲ್ಲು ಬರೆದುಕೊಡಲು ಒಪ್ಪಿದರು. ಕೆಟ್ಟ ಮಾಲು ಬಂದರೆ ಬದಲಾಯಿಸಿ ಕೊಡುತ್ತಾರೆ. ನಾವೂ ಒಂದು ಮಾತು ಕೊಟ್ಟಿದ್ದೇವೆ, ತಿಂಗಳ ದುಡ್ಡನ್ನು ಸಾಮಾನು ಬಂದ ದಿನವೇ ಕೊಡುವುದು. ಸಾಲ ಬರೆಸುವುದು ನಿಜವಾಗಿ ಬೇಕಾದವರಿಗೆ ಇರಲಿ ಅಂತ.

ಮುಚ್ಚುವ ಮಾತು ನಿಂತಿದೆ ಅಂತ ಹೇಳಲಾರೆ. ಆ ಅಮ್ಮನಿಗೆ ಮಂಡಿನೋವು ಇದೆ, ನಿಂತು ನಿಂತು ಸಾಕಾಗಿದೆ. ಚೀಟಿ ಕೊಟ್ಟರೆ ಮಂಡಿನೋವು ಹೋಗುವುದಿಲ್ಲ. ವ್ಯಾಪಾರ ಆದರೆ ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು ಅಂದರು ಅವರ ಯಜಮಾನರು.

ಅಂಗಡಿ ಮನೆ ಮಗಳಿಗೆ ಒಂದು ಪ್ರಶ್ನೆ. ಚೀಟಿ ಹೇಗೆ ಬರೆದರೆ, ಯಾವಾಗ ಕೊಟ್ಟರೆ ಅಂಗಡಿಯವರಿಗೆ ಅನುಕೂಲ?

ಅಂಗಡಿ ಮನೆ ಮಗಳು

ಒಂದನೇ ತಾರೀಖು ಕೊಡಬೇಡಿ ಅಕ್ಕ, ತಿಂಗಳ ಕೊನೆಯ ವಾರವೇ ಕೊಡಿ. ಸಂತೆಪೇಟೆಗೆ ಹೋಗುವ ಮೊದಲೇ ಎಷ್ಟು ಮೂಟೆ ಬೇಕು ಅಂತ ಗೊತ್ತಾದರೆ ಒಂದೇ ಗಾಡಿ ಬಾಡಿಗೆಯಲ್ಲಿ ಎಲ್ಲ ಬರುತ್ತದೆ, ಸ್ವಲ್ಪ ಕಡಿಮೆಗೂ ಕೊಡುತ್ತಾರೆ. ಬಿಡಿ ಸಾಮಾನು ಒಂದು ಕಡೆ, ಕಂಪನಿ ಸಾಮಾನು ಇನ್ನೊಂದು ಕಡೆ ಬರೆಯಿರಿ. ಅಕ್ಕಿ ಮುಂದೆ ಹಳೇದೋ ಹೊಸದೋ ಅಂತ ಇರಲಿ. ಬೇಳೆ ಎರಡು ತಿಂಗಳಿಗೆ ಆಗುವಷ್ಟು ಕೊಳ್ಳಬೇಡಿ, ಪ್ರತಿ ತಿಂಗಳೂ ಹೊಸದು ತಗೊಳ್ಳಿ. ಹುಣಸೆಹಣ್ಣು ಮಾತ್ರ ಬೇಸಿಗೆಯಲ್ಲಿ ಹೊಸ ಫಸಲು ಬಂದಾಗ ವರ್ಷಕ್ಕಾಗುವಷ್ಟು ಹೇಳಿಬಿಡಿ. ನಾರು, ಬೀಜ ತೆಗೆದು, ಉಪ್ಪು ಬೆರೆಸಿ ಭರಣಿಗೆ ಒತ್ತಿಟ್ಟರೆ ಕೆಡುವುದಿಲ್ಲ.

ಸಾಮಾನು ತರಲು ಮನೆಯಿಂದ ಚೀಲ, ಎಣ್ಣೆ-ತುಪ್ಪದ ಹಳೇ ಡಬ್ಬಿ ತನ್ನಿ. ಸಂಜೆ ಆರರಿಂದ ಎಂಟರವರೆಗೆ ಗಿರಾಕಿ ಜಾಸ್ತಿ, ಆಗ ಚೀಟಿ ಕೊಟ್ಟು ಅಲ್ಲೇ ಕಾಯಬೇಡಿ. ಮಧ್ಯಾಹ್ನ ಊಟ ಆದ ಮೇಲೆ ಅಂಗಡಿ ಖಾಲಿ ಇರುತ್ತದೆ. ಆಗ ಆ ಅಮ್ಮ ಕೂತುಕೊಂಡೇ ನಿಧಾನವಾಗಿ ತೂಗಿ ಕಟ್ಟಿಡಬಹುದು.